ನರ್ಸ್ ಕೆಲಸ, ಶಿಫ್ಟ್ ಡ್ಯೂಟಿ. ನನ್ನಂಥ ಸಾಮಾನ್ಯ ವಿಶ್ವಾಸಿ ಚರ್ಚಿನಲ್ಲಿ ಮುಖ್ಯ ಪಾತ್ರ ವಹಿಸಬೇಕಾದರೆ ಯಾವ ಸಮಿತಿ ಸೇರಬೇಕು?

ಯಾವ ಸಮಿತಿ ಅಂತ ಕೇಳಿದ್ದೀರಲ್ಲ, ಅಲ್ಲಿಗೇ ನನ್ನ ಕಥೆ ನೆನಪಾಯ್ತು. ನಾನು ಪ್ಯಾರಿಷ್ ಕೌನ್ಸಿಲ್, ಅಂದರೆ ಚರ್ಚಿನ ಕೆಲಸಗಳಿಗೆ ನೆರವಾಗುವ ವಿಶ್ವಾಸಿಗಳ ಸಮಿತಿ, ಅದರ ಕಾರ್ಯದರ್ಶಿಯಾಗಿದ್ದವನು. ನಮ್ಮದು ಕನಕಪುರದ ಕಡೆ ಹಳ್ಳಿ. ಹಬ್ಬದ ತೇರು, ಲೈಟಿಂಗು, ಮೈಕು, ರಸೀದಿ ಪುಸ್ತಕ ಎಲ್ಲ ನನ್ನ ಕೈಲಿತ್ತು. ನಾನಿಲ್ಲದೆ ಚರ್ಚು ನಡೆಯಲ್ಲ ಅಂತ ನಿಜಕ್ಕೂ ನಂಬಿದ್ದೆ.

ಊರಲ್ಲಿ ಒಬ್ಬರು ಅಜ್ಜಿ ಇದ್ದರು. ಅವರ ಯಜಮಾನರು ಹಿಂದೆ ಉಪದೇಶಿ, ಅಂದರೆ ಊರಿನವರಿಗೆ ಧರ್ಮಪಾಠ ಹೇಳಿಕೊಡುತ್ತಿದ್ದವರು. ಅವರು ತೀರಿಕೊಂಡ ಮೇಲೂ ಜನ ಈಕೆಯನ್ನು ಉಪದೇಶಿಯಮ್ಮ ಅಂತಲೇ ಕರೆಯುತ್ತಿದ್ದರು. ಹುದ್ದೆ, ಸಂಬಳ ಏನೂ ಇಲ್ಲ. ಮಧ್ಯಾಹ್ನದ ಊಟ ಮುಗಿಸಿ ಜಪಸರ ಹಿಡಿದು ಮನೆ ಮನೆಗೆ ಹೋಗುತ್ತಿದ್ದರು. ಮಕ್ಕಳಿಗೆ ಶಿಲುಬೆ ಗುರುತು ಹಾಕೋದು ಕಲಿಸುತ್ತಿದ್ದರು. ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಹುಡುಗ ಪೂಜೆಗೆ ಬರೋದು ಬಿಟ್ಟಿದ್ದಾನೆ ಅನ್ನೋದನ್ನೆಲ್ಲ ಫಾದರ್ ಕಿವಿಗೆ ಮೆಲ್ಲಗೆ ಹಾಕುತ್ತಿದ್ದರು.

ನಾನು ಎಡವಿದ್ದು ಇವರ ವಿಷಯದಲ್ಲೇ. ಬೈಯಲಿಲ್ಲ, ಬೇಡ ಅನ್ನಲಿಲ್ಲ. ಗೌರವ ಕೊಡೋಣ ಅಂತಲೇ ಹೊರಟೆ. ಮನೆ ಭೇಟಿ ವಿಭಾಗ ಅಂತ ಒಂದು ಮಾಡಿ ಅವರನ್ನೇ ಮುಖ್ಯಸ್ಥೆ ಮಾಡಿದೆ. ಮುಖ್ಯಸ್ಥೆ ಅಂದ ಮೇಲೆ ವರದಿ ಬೇಕಲ್ಲ? ಫಾರಂ ಪ್ರಿಂಟ್ ಹಾಕಿಸಿದೆ. ತಾರೀಕು, ಮನೆ ಯಜಮಾನರ ಹೆಸರು, ಭೇಟಿಯ ಉದ್ದೇಶ, ಷರಾ, ಸಹಿ. ಆಕೆಗೆ ಪ್ರಾರ್ಥನೆಗಳೆಲ್ಲ ಬಾಯಿಪಾಠ, ಬರೆಯೋಕೆ ಮಾತ್ರ ಬರುತ್ತಿರಲಿಲ್ಲ. ಇದು ನನಗೂ ಗೊತ್ತಿತ್ತು. ‘ಮೊಮ್ಮಗಳ ಕೈಲಿ ಬರೆಸಿ’ ಅಂದುಬಿಟ್ಟೆ. ಮೊಮ್ಮಗಳ ಕೈಲಿ ಬರೆಸಬೇಕಾದರೆ ಇನ್ನೊಬ್ಬರ ಮನೆ ಗುಟ್ಟು ಅವಳ ಮುಂದೆ ಹೇಳಬೇಕು ಅನ್ನೋದು ನನಗೆ ಹೊಳೆಯಲೇ ಇಲ್ಲ. ಈಕೆ ಬಾಯಿ ಬಿಡಲ್ಲ ಅಂತಲೇ ಜನ ಎಲ್ಲ ಹೇಳಿಕೊಳ್ಳುತ್ತಿದ್ದದ್ದು. ಉದ್ದೇಶದ ಕಾಲಂನಲ್ಲಿ ಏನು ಬರೆಸೋದು? ಗಂಡ ಕುಡಿದು ಬಂದು ಹೊಡೆಯುತ್ತಾನೆ ಅಂತಲಾ?

ಮುಂದಿನ ತಿಂಗಳು ಫಾರಂ ನಾಲ್ಕು ಮಡಿಕೆ ಮಾಡಿ, ಖಾಲಿಯೇ ತಂದು ಮೇಜಿನ ಮೇಲಿಟ್ಟರು. ‘ಇದೆಲ್ಲ ನಂಗಾಗಲ್ಲ ಕಣಪ್ಪ, ಯಾರಾದ್ರೂ ಓದಿದೋರ್ನ ನೋಡ್ಕೊಳಿ’ ಅಂದರು. ಓಡಾಟವೂ ನಿಂತಿತು. ಬದಲಿಗೆ ನಾವು ವಾಟ್ಸಾಪ್ ಗ್ರೂಪ್ ಮಾಡಿದೆವು. ಹಾಸಿಗೆ ಹಿಡಿದ ಮುದುಕರು ವಾಟ್ಸಾಪ್‌ನಲ್ಲಿ ಇರ್ತಾರಾ?

ಆ ಮಳೆಗಾಲದಲ್ಲಿ ನನ್ನ ದೊಡ್ಡಪ್ಪ ತೋಟದ ಮನೆಯಲ್ಲಿ ಜ್ವರ ಅಂತ ಮಲಗಿದರು. ಉಪದೇಶಿಯಮ್ಮ ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ದೊಡ್ಡಮ್ಮ ಕಾದರು. ಫಾದರ್‌ಗೆ ಸುದ್ದಿ ಮುಟ್ಟಲೇ ಇಲ್ಲ; ಕಾಯಿಲೆಯವರಿಗೆ ಎಣ್ಣೆ ಹಚ್ಚಿ ಮಾಡುವ ಪ್ರಾರ್ಥನೆ ಆಗಲಿಲ್ಲ, ಪರಮಪ್ರಸಾದವೂ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸಿಗಲಿಲ್ಲ, ದೊಡ್ಡಪ್ಪ ಹೋಗಿಬಿಟ್ಟರು. ದೊಡ್ಡಮ್ಮ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ. ಅಜ್ಜಿಯನ್ನು ಮತ್ತೆ ಹೋಗಿ ಕೇಳಿಕೊಂಡೆ. ಮಂಡಿ ನೋವು ಅಂದರು, ಅಷ್ಟೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಪಾತ್ರ ಸಿಗಬೇಕಾದರೆ ಸಮಿತಿ ಬೇಕು ಅಂತ ಯಾರು ಹೇಳಿದ್ದು? ಜಪಾನ್ ನೋಡಿ. 1614ರಲ್ಲಿ ಅಲ್ಲಿ ಕ್ರೈಸ್ತ ಧರ್ಮವನ್ನು ದೇಶಕ್ಕೆಲ್ಲ ನಿಷೇಧಿಸಿದರು. ಪಾದ್ರಿಗಳನ್ನು ಓಡಿಸಿದರು, ಸಿಕ್ಕವರನ್ನು ಕೊಂದರು. ಆಮೇಲೆ ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ನಾಗಸಾಕಿ ಸುತ್ತಿನ ರೈತರು, ಮೀನುಗಾರರೇ ಗುಟ್ಟಾಗಿ ವಿಶ್ವಾಸ ಉಳಿಸಿಕೊಂಡರು. ಒಬ್ಬ ಹಬ್ಬದ ದಿನಗಳ ಲೆಕ್ಕ ಇಡುತ್ತಿದ್ದ, ಒಬ್ಬ ಮಕ್ಕಳಿಗೆ ಜ್ಞಾನಸ್ನಾನ (ನೀರು ಹಾಕಿ ಕ್ರೈಸ್ತ ಸಭೆಗೆ ಸೇರಿಸುವ ವಿಧಿ) ಕೊಡುತ್ತಿದ್ದ, ಇನ್ನೊಬ್ಬ ಮನೆ ಮನೆಗೆ ಸುದ್ದಿ ಮುಟ್ಟಿಸುತ್ತಿದ್ದ. 1865ರಲ್ಲಿ ಉರಕಾಮಿ ಹಳ್ಳಿಯವರು ನಾಗಸಾಕಿಯ ಹೊಸ ಚರ್ಚಿಗೆ ಬಂದು ನಾವೂ ನಿಮ್ಮವರೇ ಅಂದಾಗ ಅಲ್ಲಿದ್ದ ಫ್ರೆಂಚ್ ಪಾದ್ರಿ ದಂಗಾಗಿಬಿಟ್ಟರು. ಸುದ್ದಿ ಮುಟ್ಟಿಸುತ್ತಿದ್ದ ಆ ಮೂರನೆಯವನ ಕೆಲಸವನ್ನೇ ನಮ್ಮ ಅಜ್ಜಿ ಮಾಡುತ್ತಿದ್ದದ್ದು. ನಾನು ಅದಕ್ಕೆ ಷರಾ ಕೇಳಿದೆ!

ಬೈಬಲ್‌ನಲ್ಲೂ ಅಷ್ಟೇ. ಪ್ರಿಸ್ಕಿಲ್ಲ, ಅಕ್ವಿಲ ಗಂಡ ಹೆಂಡತಿ, ಡೇರೆ ಮಾಡಿ ಬದುಕುತ್ತಿದ್ದವರು. ಅಪೊಲ್ಲೋಸ ಅಂಥ ದೊಡ್ಡ ಮಾತುಗಾರನನ್ನು ತಮ್ಮ ಜೊತೆ ಕರೆದುಕೊಂಡು ಹೋಗಿ ತಿದ್ದಿದ್ದು ಇವರೇ. ಪ್ರೇಷಿತರ ಕಾರ್ಯಕಲಾಪಗಳು 18ನೇ ಅಧ್ಯಾಯ ಓದಿ.

ನೀವಂತೂ ನರ್ಸ್. ಕೂಸು ಉಳಿಯೋದು ಕಷ್ಟ ಅನ್ನೋ ಹೊತ್ತಲ್ಲಿ, ಹೆತ್ತವರು ಕೇಳಿಕೊಂಡರೆ, ಫಾದರ್ ಬರೋವರೆಗೆ ಕಾಯಬೇಕಿಲ್ಲ. ಕಥೋಲಿಕ ಸಭೆಯ ನಿಯಮದ ಪ್ರಕಾರ ಅಂಥ ತುರ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ತಲೆ ಮೇಲೆ ನೀರು ಹಾಕುತ್ತಾ ‘ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ’ ಅಂದರೆ ಸಾಕು. ಆಮೇಲೆ ಚರ್ಚಿಗೆ ತಿಳಿಸಿ ರಿಜಿಸ್ಟರ್‌ನಲ್ಲಿ ಬರೆಸಿ. ನಿಮ್ಮ ವಾರ್ಡಿನಲ್ಲಿ ಒಂಟಿಯಾಗಿ ಮಲಗಿರುವ ವಿಶ್ವಾಸಿ ಇದ್ದರೆ ‘ಫಾದರ್‌ಗೆ ಹೇಳಲಾ?’ ಅಂತ ಕೇಳಿ. ಹೂಂ ಅಂದರೆ ಫೋನ್ ಮಾಡಿ. ಶಿಫ್ಟ್ ಇದ್ದರೂ ಇದು ಆಗುತ್ತೆ.

ಇಷ್ಟಾದ ಮೇಲೂ ಸಮಿತಿ ಸೇರಲೇಬೇಕು ಅನ್ನಿಸಿದರೆ ಲೆಕ್ಕಪತ್ರದ್ದಕ್ಕೆ ಸೇರಿ. ಅಲ್ಲಿ ಯಾವಾಗಲೂ ಜನ ಕಮ್ಮಿ.