ಪ್ರತಿಕ್ರಿಯೆ: ಪಿಸಿಆರ್ ಫಲಿತಾಂಶವೇ ಅಂತಿಮ ಸತ್ಯವೇ?

ವಿಜಯಪುರದಲ್ಲಿ ಫ್ಲೂ ರ‍್ಯಾಪಿಡ್ ಕಿಟ್ಟಿನ ನಿಖರತೆಯನ್ನು ಅಳೆಯಲು, ವೈರಾಣುವಿನ ಆನುವಂಶಿಕ ವಸ್ತುವನ್ನು ಪತ್ತೆಹಚ್ಚುವ ಪ್ರಯೋಗಾಲಯ ಪರೀಕ್ಷೆಯಾದ ಪಿಸಿಆರ್ ಅನ್ನೇ ಅಂತಿಮ ಸತ್ಯವೆಂದು ಹಿಡಿಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಜ್ವರ ಇಳಿದ ಮೇಲೂ ಮೂಗಿನಲ್ಲಿ ಉಳಿದ ವೈರಾಣುವಿನ ತುಣುಕನ್ನು ಪಿಸಿಆರ್ ಪಾಸಿಟಿವ್ ಎಂದು ತೋರಿಸಬಲ್ಲದು, ಆಗ ಸರಿಯಾಗಿಯೇ ನೆಗೆಟಿವ್ ಎಂದ ಕಿಟ್ಟಿನ ಲೆಕ್ಕಕ್ಕೆ ತಪ್ಪು ಬೀಳುತ್ತದೆ. 1980ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಹುಯಿ ಮತ್ತು ವಾಲ್ಟರ್ ತೋರಿಸಿದಂತೆ, ಸೋಂಕಿನ ಪ್ರಮಾಣ ಬೇರೆಬೇರೆಯಿರುವ ಎರಡು ಗುಂಪುಗಳಿಗೆ, ಉದಾಹರಣೆಗೆ ನಿಮ್ಮ ಹೊರರೋಗಿ ವಿಭಾಗದ ಮಳೆಗಾಲದ ಮತ್ತು ಬೇಸಿಗೆಯ ರೋಗಿಗಳಿಗೆ, ಎರಡೂ ಪರೀಕ್ಷೆಗಳನ್ನು ಮಾಡಿದರೆ, ಯಾವುದನ್ನೂ ಸತ್ಯವೆನ್ನದೆ ಎರಡರ ನಿಖರತೆಯನ್ನೂ ಅಂದಾಜಿಸಬಹುದು. ಆದರೆ ಎರಡರ ತಪ್ಪುಗಳು ಪರಸ್ಪರ ಸಂಬಂಧಿಸಿರಬಾರದು, ನನಗೆ ಹೆಚ್ಚು ಆತಂಕವಿರುವುದು ಇಲ್ಲಿಯೇ. ಅಳುವ ಮಗುವಿನ ಮೂಗಿನ ತುದಿಯನ್ನಷ್ಟೇ ಸವರಿದ ಸ್ವ್ಯಾಬ್‌ನಿಂದ ಎರಡೂ ಒಟ್ಟಿಗೇ ನೆಗೆಟಿವ್ ಬಂದರೆ, ಲೆಕ್ಕವು ಎರಡನ್ನೂ ಇರುವುದಕ್ಕಿಂತ ನಿಖರವೆಂದು ತೋರಿಸುತ್ತದೆ. ಆದ್ದರಿಂದ ಸ್ವ್ಯಾಬ್ ಬೇಡದ ಮೂರನೆಯದೊಂದು ಪರೀಕ್ಷೆಯನ್ನು, ಅಂದರೆ ಕೆಲವು ವಾರಗಳ ಅಂತರದಲ್ಲಿ ಎರಡು ಬಾರಿ ರಕ್ತ ತೆಗೆದು ಮಾಡುವ ಪ್ರತಿಕಾಯ ಪರೀಕ್ಷೆಯನ್ನು, ಸೇರಿಸಿಕೊಳ್ಳಿ.