ಗಂಟಲು ನೋವಿಗೂ ಹೃದಯದ ವಾಲ್ವಿಗೂ ಏನು ಸಂಬಂಧ? ಇಂಜೆಕ್ಷನ್ ನಿಲ್ಲಿಸಬಹುದಾ?

ಅಕ್ಕನ ಮಗಳಿಗೆ 12 ವರ್ಷ, ಮೊದಲು ಗಂಟಲು ನೋವು ಜ್ವರ, ಆಮೇಲೆ ಮಂಡಿ ಊತ, ಈಗ ಎಕೋ (ಹೃದಯದ ಸ್ಕ್ಯಾನ್) ಮಾಡಿ ವಾಲ್ವ್ ಸೋರುತ್ತಿದೆ ಅಂದಿದ್ದಾರೆ, ಮೂರು ವಾರಕ್ಕೊಂದು ಇಂಜೆಕ್ಷನ್ ವರ್ಷಗಟ್ಟಲೆ ಬೇಕಂತೆ, ಹುಡುಗಿ ಚೆನ್ನಾಗೇ ಓಡಾಡಿಕೊಂಡಿದ್ದಾಳೆ, ನಿಲ್ಲಿಸಬಹುದಾ ಅಂತ ಕೇಳಿದ್ದೀರಿ.

ನಿಲ್ಲಿಸಬೇಡಿ. ನಾನು ಡಾಕ್ಟರ್ ಅಲ್ಲ. ಆದರೆ ಇದೇ ಕಾಯಿಲೆಯಲ್ಲಿ ಇದೇ ಇಂಜೆಕ್ಷನ್ ನಿಲ್ಲಿಸಿದವಳು.

ಸಂಬಂಧ ಇಷ್ಟೇ. ಗಂಟಲಿಗೆ ಬರುವ ಸ್ಟ್ರೆಪ್ಟೊಕಾಕಸ್ ಅನ್ನೋ ಕ್ರಿಮಿಯ ಕೆಲವು ಪ್ರೋಟೀನುಗಳು ನಮ್ಮ ಹೃದಯ, ಕೀಲುಗಳಲ್ಲಿ ಇರುವುದನ್ನೇ ಹೋಲುತ್ತವೆ. ಕ್ರಿಮಿಯನ್ನು ಹೊಡೆಯಲು ಮೈ ಎದ್ದು ನಿಲ್ಲುತ್ತದಲ್ಲ, ಕೆಲವು ಮಕ್ಕಳಲ್ಲಿ ಅದಕ್ಕೆ ಕಳ್ಳ ಯಾರು ಮನೆಯವರು ಯಾರು ಅಂತ ಗೊತ್ತಾಗದೆ ಎಲ್ಲರಿಗೂ ಬಾರಿಸುತ್ತದೆ. ಅದೂ ಗಂಟಲು ವಾಸಿಯಾಗಿ ಎರಡು ಮೂರು ವಾರ ಆದ ಮೇಲೆ. ಅಷ್ಟು ಹೊತ್ತಿಗೆ ಗಂಟಲು ನೋವು ಯಾರಿಗೆ ನೆನಪಿರುತ್ತದೆ? ಇದೇ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದೊಳಗಿನ ಮಕ್ಕಳಿಗೇ ಜಾಸ್ತಿ. ಕೀಲಿನ ಊತ ಗುರುತಿಲ್ಲದ ಹಾಗೆ ಹೋಗುತ್ತದೆ, ಆದರೆ ವಾಲ್ವಿಗೆ ಬಿದ್ದ ಪೆಟ್ಟು ಉಳಿದುಬಿಡಬಹುದು. ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಅಂತ ಈ ಜ್ವರದ ಬಗ್ಗೆ ಹಳೇ ಕಾಲದ ವೈದ್ಯರ ಮಾತೇ ಇದೆ.

ನನಗೆ ಬಂದಿದ್ದು 11ನೇ ವಯಸ್ಸಿನಲ್ಲಿ. ಒಂದು ದಿನ ಮಂಡಿ, ಎರಡು ದಿನ ಬಿಟ್ಟು ಹರಡು, ಆಮೇಲೆ ಮೊಣಕೈ. ಬೆಳೆಯೋ ಮಕ್ಕಳಿಗೆ ಹೀಗೇ ಅಂತ ಅಜ್ಜಿ ಎಣ್ಣೆ ಕಾಯಿಸಿ ತಿಕ್ಕಿದ್ದೇ ತಿಕ್ಕಿದ್ದು. ಕೊನೆಗೆ ಎಕೋ ಮಾಡಿಸಿ ಪೆನಿಸಿಲಿನ್ ಶುರು ಮಾಡಿದರು, 21 ದಿನಕ್ಕೊಂದು. ಮೂರು ವಾರ ಅಂದರೆ ಅದೇ ವಾರ ತಿರುಗಿ ಬರುತ್ತದೆ, ನಂದು ಶನಿವಾರ. ಅಪ್ಪ ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಡುತ್ತಿದ್ದರು. ಆ ಕೆಂಪು ಸುತ್ತು ಹತ್ತಿರ ಬಂದ ಹಾಗೆ ನನಗೆ ಊಟ ಸೇರುತ್ತಿರಲಿಲ್ಲ. ಬಿಳಿ ಪುಡಿ ಇರೋ ಸಣ್ಣ ಬಾಟಲಿ, ಅದಕ್ಕೆ ನೀರು ಹಾಕಿ ಸಿಸ್ಟರ್ ಎರಡೂ ಅಂಗೈ ಮಧ್ಯೆ ಇಟ್ಟು ಉರುಳಿಸುತ್ತಿದ್ದರು. ಸ್ವಲ್ಪ ತಡವಾದರೂ ಸೂಜಿಯಲ್ಲಿ ಕಟ್ಟಿಕೊಳ್ಳುತ್ತಿತ್ತು, ಆಗ ಇನ್ನೊಂದು ಸಲ ಚುಚ್ಚಬೇಕು. ಸುಳ್ಳು ಹೇಳಲ್ಲ, ನೋವು ಜೋರೇ. ಎರಡು ದಿನ ಬೆಂಚಿನ ಮೇಲೆ ಒಂದೇ ಕಡೆ ವಾಲಿ ಕೂರುತ್ತಿದ್ದೆ.

16ಕ್ಕೆ ಪಿಯುಸಿ ಅಂತ ಹಾಸ್ಟೆಲ್ ಸೇರಿದೆ. ಆ ಊರಿನ ಮೆಡಿಕಲ್ ಶಾಪಿನಲ್ಲಿ ಎರಡು ಸಲ ಸ್ಟಾಕ್ ಇಲ್ಲ ಅಂದರು. ಮೂರನೇ ಸಲ ನಾನು ಕೇಳೋಕೇ ಹೋಗಲಿಲ್ಲ. ಏನೂ ಆಗಲಿಲ್ಲ ನೋಡಿ! ಹತ್ತು ವರ್ಷ ಏನೂ ಆಗಲಿಲ್ಲ. ಮಧ್ಯೆ ಎಷ್ಟು ಸಲ ಗಂಟಲು ಕೆಟ್ಟಿತೋ ಲೆಕ್ಕ ಇಟ್ಟಿಲ್ಲ, ಪ್ರತಿ ಸಲ ಅದೇ ಕ್ರಿಮಿ ಬಂದರೆ ಅದೇ ವಾಲ್ವಿಗೆ ಇನ್ನೊಂದು ಪೆಟ್ಟು ಬೀಳಬಹುದು ಅಂತ ಆಗ ಗೊತ್ತಿರಲಿಲ್ಲ.

26ಕ್ಕೆ ಬಸುರಿ. ಆರನೇ ತಿಂಗಳಲ್ಲಿ ಮಲಗಿದರೆ ಉಸಿರು ಕಟ್ಟುತ್ತಿತ್ತು, ಮೂರು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ. ಬಸುರಿ ಅಲ್ವಾ, ಸುಸ್ತು ಇರೋದೇ ಅಂದರು ಎಲ್ಲರೂ. ಮೊದಲು ಸೋರುತ್ತಿದ್ದ ವಾಲ್ವ್ ವರ್ಷಗಳಲ್ಲಿ ಗಾಯ ಮಾಗಿ ಗಟ್ಟಿಯಾಗಿ ಅಂಟಿಕೊಂಡು, ಕಿಂಡಿ ಸಣ್ಣದಾಗಿತ್ತು. ಸರಿಯಿದ್ದವರಿಗೆ ಈ ವಾಲ್ವಿನ (ಮೈಟ್ರಲ್ ಅಂತಾರೆ, ಹೃದಯದ ಎಡಗಡೆಯ ಎರಡು ಕೋಣೆಗಳ ಮಧ್ಯದ್ದು) ಕಿಂಡಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ, ನನಗೆ 0.9. ಬಸುರಿನಲ್ಲಿ ರಕ್ತದ ಪ್ರಮಾಣ ಅರ್ಧದಷ್ಟು ಏರುತ್ತದೆ, ಅಷ್ಟೆಲ್ಲ ಆ ಕಿಂಡಿಯಲ್ಲಿ ಹೋಗೋಕಾಗದೆ ಹಿಂದಕ್ಕೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಅದಕ್ಕೇ ಎಷ್ಟೋ ಹೆಂಗಸರಿಗೆ ಈ ಕಾಯಿಲೆ ಮೊದಲ ಬಸುರಿನಲ್ಲೇ ಗೊತ್ತಾಗೋದು.

ಮಗುವಿಗೆ ಎಕ್ಸ್-ರೇ ತಾಗದಿರಲಿ ಅಂತ ಹೊಟ್ಟೆಗೆ ಸೀಸದ ಏಪ್ರನ್ ಸುತ್ತಿ ಬಲೂನ್ ಮಾಡಿದರು. ತೊಡೆಸಂದಿನ ರಕ್ತನಾಳದಿಂದ ತಂತಿ ತೂರಿಸಿ, ವಾಲ್ವಿನ ಮಧ್ಯೆ ಬಲೂನ್ ಉಬ್ಬಿಸಿ ಬಿಡಿಸುತ್ತಾರೆ, ಉಬ್ಬಿಸೋದು ಕೆಲವೇ ಸೆಕೆಂಡು. ಎಚ್ಚರವಾಗೇ ಇದ್ದೆ. ಅವತ್ತು ರಾತ್ರಿ ಒಂದೇ ದಿಂಬಿನಲ್ಲಿ ಮಲಗಿದೆ. ಮಗು ಚೆನ್ನಾಗಿದ್ದಾಳೆ. ನಾನು ಮತ್ತೆ ಶನಿವಾರದ ಇಂಜೆಕ್ಷನ್ನಿಗೆ ಬಂದಿದ್ದೇನೆ.

ಈಗ ನಿಮ್ಮ ಹುಡುಗಿ ವಿಷಯ. ಈ ಔಷಧಿ ಮಾಂಸಖಂಡದಲ್ಲಿ ಕೂತು ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತದೆ, ಮೂರು ವಾರ ದಾಟಿದರೆ ಅದರ ಬಲ ತಗ್ಗುತ್ತದೆ, ಆದ್ದರಿಂದ ಪರೀಕ್ಷೆ, ಮದುವೆ ಅಂತ ವಾರಗಟ್ಟಲೆ ಮುಂದೆ ಹಾಕಬೇಡಿ. ವಾಲ್ವಿನ ತೊಂದರೆ ಉಳಿದಿದ್ದರೆ ಸಾಮಾನ್ಯವಾಗಿ 10 ವರ್ಷ ಅಥವಾ 40ನೇ ವಯಸ್ಸಿನವರೆಗೆ, ಯಾವುದು ಜಾಸ್ತಿಯೋ ಅದು. ಸೋರಿಕೆ ಪೂರ್ತಿ ಹೋಯಿತು ಅಂದರೆ 10 ವರ್ಷ ಅಥವಾ 21ನೇ ವಯಸ್ಸಿನವರೆಗೆ, ಇಲ್ಲೂ ಯಾವುದು ಜಾಸ್ತಿಯೋ ಅದು. ಚಿಕ್ಕ ಸೋರಿಕೆ ಇಂಜೆಕ್ಷನ್ ತಪ್ಪಿಸದ ಮಕ್ಕಳಲ್ಲಿ ಎಷ್ಟೋ ಸಲ ಕಡಿಮೆಯಾಗುತ್ತದೆ, ಹಾಗಾಗಿ ಈಗಿನ ರಿಪೋರ್ಟ್ ನೋಡಿ ಹೆದರಬೇಡಿ.

ನೋವಿಗೆ: ಫ್ರಿಜ್ಜಿನಿಂದ ತೆಗೆದ ತಕ್ಷಣ ಚುಚ್ಚಿಸಬೇಡಿ, ತಣ್ಣಗಿದ್ದರೆ ಉರಿ ಜಾಸ್ತಿ. ಚುಚ್ಚುವ ಜಾಗವನ್ನು ಮೊದಲು ಹತ್ತು ಸೆಕೆಂಡು ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯೋಕೆ ಹೇಳಿ. ನೋವು ತಗ್ಗಿಸುವ ಲಿಗ್ನೊಕೇನ್ ಸೇರಿಸಬಹುದಾ ಅಂತ ಡಾಕ್ಟರನ್ನೇ ಕೇಳಿ, ನಾನು ಚಿಕ್ಕವಳಿದ್ದಾಗ ಇದನ್ನು ಯಾರೂ ಹೇಳಲಿಲ್ಲ. ಅಲರ್ಜಿ ಅಪರೂಪ, ಆದರೂ ಚುಚ್ಚಿಸಿಕೊಂಡು ಅರ್ಧ ಗಂಟೆ ಅಲ್ಲೇ ಕೂರಿಸಿ. ಹಲ್ಲು ಕೀಳಿಸುವ ಮುಂಚೆ ವಾಲ್ವ್ ವಿಷಯ ಹೇಳೋದು ಮರೆಯಬೇಡಿ.

ಮನೆಯಲ್ಲಿ ಅವಳಿಗೆ ತಮ್ಮ ತಂಗಿ ಇದ್ದಾರಾ? ಅವರಿಗೆ ಜ್ವರದ ಜೊತೆ ಗಂಟಲು ನೋವು ಬಂದರೆ ಸುಮ್ನೆ ಉಪ್ಪುನೀರಲ್ಲಿ ಮುಗಿಸಬೇಡಿ, ಡಾಕ್ಟರಿಗೆ ತೋರಿಸಿ. ನೋವು ಶುರುವಾದ ಒಂಬತ್ತು ದಿನದೊಳಗೆ ಔಷಧಿ ಬಿದ್ದರೂ ಈ ಜ್ವರ ಬರೋದನ್ನು ತಡೆಯಬಹುದು. ಹತ್ತು ದಿನದ ಮಾತ್ರೆ ಬರೆದಿದ್ದರೆ ಹತ್ತೂ ದಿನ ನುಂಗಿಸಿ. ಮೂರನೇ ದಿನಕ್ಕೆ ಗಂಟಲು ಸರಿಯಾಗಿಬಿಡುತ್ತದೆ, ಉಳಿದ ಮಾತ್ರೆ ಶೀಟು ಟಿವಿ ಹಿಂದೆ ಸೇರುತ್ತದೆ. ನಮ್ಮ ಮನೆಯಲ್ಲೂ ಆಗಿದ್ದು ಅದೇ.