ಬಲೆ ಒಂದೇ ಥರ ಇದ್ದರೆ ಜೇಡಗಳೂ ಒಂದೇ ಕುಟುಂಬವೇ?

ಪ್ರಶ್ನೆ: ನಮ್ಮ ತೋಟದಲ್ಲಿ ಎರಡು ಬಗೆಯ ಜೇಡಗಳಿವೆ. ಎರಡೂ ಚಕ್ರದಂಥ ಬಲೆ ಹೆಣೆದು ನಡುವೆ ಬಿಳಿ ಪಟ್ಟಿ ಹಾಕುತ್ತವೆ. ದೊಡ್ಡದರ ಬಲೆ ನೆಟ್ಟಗಿದೆ, ಪುಟ್ಟದರದ್ದು ಹೆಚ್ಚುಕಡಿಮೆ ಅಡ್ಡಡ್ಡ. ಇವು ಒಂದೇ ಕುಟುಂಬದವೇ? ಫೋಟೊ ಕಳಿಸಿದರೆ ಪ್ರಭೇದ ಯಾವುದೆಂದು ಹೇಳುವಿರಾ?

ಉತ್ತರ: ದೊಡ್ಡದು ಅರೇನಿಡೇ ಕುಟುಂಬದ ಅರ್ಜಿಯೋಪ್ ಇರಬೇಕು, ಪುಟ್ಟದು ಬಹುಶಃ ಉಲೊಬೊರಿಡೇ ಕುಟುಂಬದ್ದು. ಬಲೆಯ ಆಕಾರ ನಂಬಬೇಡಿ, ನೂಲು ನೋಡಿ. ಬಿಸಿಲೇರಿ ಇಬ್ಬನಿ ಆರಿದ ಮೇಲೆ ಹೊಸ ಬಲೆಯ ಸುರುಳಿ ಎಳೆಗೆ 10 ಪಟ್ಟಿನ ಮಸೂರ ಹಿಡಿಯಿರಿ. ಇಬ್ಬನಿ ಇದ್ದಾಗ ನೋಡಿದರೆ ನೀರಿನ ಹನಿಯನ್ನೇ ಅಂಟು ಎಂದುಕೊಳ್ಳುವಿರಿ. ಅರ್ಜಿಯೋಪ್‌ನ ಎಳೆಯಲ್ಲಿ ಪೋಣಿಸಿದ ಮಣಿಗಳಂತೆ ಅಂಟಿನ ಹನಿಗಳಿರುತ್ತವೆ. ಉಲೊಬೊರಿಡ್‌ನದ್ದು ಹಿಂಜಿದ ಅರಳೆಯಂಥ ಒಣ ನೂಲು. ನೂಲು ಹೊರಬರುವ ಮೊಲೆಯಂಥ ಅಂಗಗಳ ಮುಂದಿರುವ ಚಪ್ಪಟೆ ಫಲಕದಿಂದ ಹೊರಡುವ ಅತಿ ಸಣ್ಣ ಎಳೆಗಳನ್ನು ಅದು ನಾಲ್ಕನೇ ಜೋಡಿ ಕಾಲಿನ ಬಾಚಣಿಗೆಯಂಥ ಕೂದಲ ಸಾಲಿನಿಂದ ಬಾಚಿ ತೆಗೆಯುತ್ತದೆ. ವಯಸ್ಕ ಗಂಡಿನಲ್ಲಿ ಈ ಎರಡೂ ಕುಗ್ಗಿರುವುದರಿಂದ ಹೆಣ್ಣನ್ನೇ ಪರೀಕ್ಷಿಸಿ. ಈ ಕುಟುಂಬಕ್ಕೆ ವಿಷದ ಗ್ರಂಥಿಯೂ ಇಲ್ಲ. ಬೇಟೆಯನ್ನು ನೂಲಿನಲ್ಲಿ ಸುತ್ತಿಯೇ ಹಿಡಿಯುತ್ತದೆ.

ಚಕ್ರಬಲೆಯವೆಲ್ಲ ಒಂದೇ ಕವಲಿನವು ಎಂಬುದು ಬಹುಕಾಲದ ನಂಬಿಕೆ. 2014ರಲ್ಲಿ ಎರಡು ತಂಡಗಳು ಸಾವಿರಾರು ಜೀನ್‌ಗಳನ್ನು ಹೋಲಿಸಿದಾಗ, ಉಲೊಬೊರಿಡ್‌ಗಳು ಅರ್ಜಿಯೋಪ್‌ಗಿಂತ ಬಲೆಯಿಲ್ಲದೆ ಬೇಟೆಯಾಡುವ ತೋಳಜೇಡ, ಜಿಗಿಜೇಡಗಳ ಗುಂಪಿಗೇ ಹತ್ತಿರವೆಂದು ಕಂಡುಬಂತು. ಹಾಗಿದ್ದರೆ ಚಕ್ರಬಲೆ ಬಹಳ ಹಿಂದೆ ಒಮ್ಮೆ ಹುಟ್ಟಿ ಹಲವು ಕವಲುಗಳಲ್ಲಿ ಅಳಿದಿರಬೇಕು, ಇಲ್ಲವೇ ಎರಡು ಸಲ ಹುಟ್ಟಿರಬೇಕು. ಈ ಚರ್ಚೆ ಇನ್ನೂ ಮುಗಿದಿಲ್ಲ. ಜೇಡಗಳ ಅಧ್ಯಯನದಲ್ಲಿ ನಮಗೆ ಇದಕ್ಕಿಂತ ಚೆಂದದ ಪ್ರಶ್ನೆ ಬೇರೆ ಇಲ್ಲ.

ಇನ್ನು ಫೋಟೊ. ಅದರಿಂದ ಕುಟುಂಬ, ಕೆಲವೊಮ್ಮೆ ಜಾತಿಯವರೆಗೆ (ಜೀನಸ್) ಹೇಳಬಹುದು. ಪ್ರಭೇದ ಖಚಿತವಾಗಲು ಸಾಮಾನ್ಯವಾಗಿ ಜನನಾಂಗ ನೋಡಲೇಬೇಕು: ಗಂಡಿನಲ್ಲಿ ಬಾಯಿಯ ಪಕ್ಕದ, ಗಿಡ್ಡ ಕಾಲಿನಂಥ ಪಾಲ್ಪ್‌ನ ತುದಿ, ಹೆಣ್ಣಿನಲ್ಲಿ ಹೊಟ್ಟೆಯ ಅಡಿಯ ಗಟ್ಟಿ ಫಲಕವಾದ ಎಪಿಜಿನ್. ಮರಿಗಳಲ್ಲಿ ಇವು ಬೆಳೆದಿರುವುದಿಲ್ಲ, ಹಾಗಾಗಿ ಮರಿ ತಂದುಕೊಟ್ಟರೆ ಪ್ರಯೋಜನವಿಲ್ಲ.

ಮೊದಲು ಜೀವಂತವಿರುವಾಗಲೇ ಮೇಲಿನಿಂದ, ಅಡಿಯಿಂದ, ಎದುರಿನಿಂದ ಫೋಟೊ ತೆಗೆಯಿರಿ. ಆಲ್ಕೊಹಾಲ್‌ನಲ್ಲಿ ಬಣ್ಣ ಮಾಸುತ್ತದೆ. ಆಮೇಲೆ ಒಂದೇ ಒಂದು ವಯಸ್ಕ ಜೇಡವನ್ನು ಶೇ 70ರ ಆಲ್ಕೊಹಾಲ್‌ನಲ್ಲಿಡಿ. ಡಿಎನ್‌ಎ ಬೇಕಿದ್ದರೆ ಒಂದು ಕಾಲನ್ನು ಬೇರೆ ಶೀಶೆಯಲ್ಲಿ ಶೇ 95ಕ್ಕಿಂತ ಗಾಢವಾದುದರಲ್ಲಿಡಿ. ಎಪಿಜಿನ್‌ನ ಒಳನಾಳಗಳು ಕಾಣಲು ಪ್ರಯೋಗಾಲಯದಲ್ಲಿ ಅದನ್ನು ಬಿಡಿಸಿ ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ತಿಳಿಗೊಳಿಸುತ್ತಾರೆ. ಹೊತ್ತು ಮೀರಿದರೆ ತೆಳು ಪೊರೆಗಳು ಹಾಳಾಗಿ ನಾಳಗಳ ಆಕಾರವೇ ಕೆಡುತ್ತದೆ. ಇದನ್ನು ಮನೆಯಲ್ಲಿ ಮಾಡಬೇಡಿ. ನಿಮ್ಮ ತೋಟ ಸರಿ, ಆದರೆ ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಿಡಿಯುವಂತಿಲ್ಲ.

ಸ್ಥಳ, ದಿನಾಂಕ, ಯಾವ ಗಿಡ, ನೆಲದಿಂದ ಎಷ್ಟೆತ್ತರ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದು ಚೀಟಿಯನ್ನು ಶೀಶೆಯ ಒಳಗೇ ಹಾಕಿ. ಬಾಲ್‌ಪೆನ್ನಿನ ಶಾಯಿ ಆಲ್ಕೊಹಾಲ್‌ನಲ್ಲಿ ಕರಗಿಹೋಗುತ್ತದೆ.